ಮಹಡಿಯ ಆರು ಕುರ್ಚಿಗಳು

ನಾನು ಬಾಯಿ ಮುಚ್ಚಿಕೊಂಡು ನನ್ನ ಪಾಡಿಗೆ ಬಟ್ಟೆ ಹೊಲಿದುಕೊಂಡಿದ್ದಿದ್ದರೆ ಆ ಹೆಂಗಸು ಇವತ್ತಿಗೂ ನಮ್ಮ ಮಹಡಿಯ ಮೇಲೆ ಇರುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಎಂದು ಹೊಗಳುವುದು ಬೇಡ.

ಅವಳು ಸಮುದ್ರ ದಾಟಿ ಬಂದ ಕ್ರೈಸ್ತ ಮಿಷನರಿ. ವಯಸ್ಸು ನಲವತ್ತು ದಾಟಿತ್ತು. ನನ್ನ ಗಂಡ ತೀರಿಕೊಂಡ ಮೇಲೆ ಮಹಡಿಯ ಕೋಣೆ ಖಾಲಿ ಬಿದ್ದಿತ್ತು, ಅದನ್ನೇ ಅವಳಿಗೆ ಬಾಡಿಗೆಗೆ ಕೊಟ್ಟೆ. ಕೆಳಗೆ ನನ್ನ ಹೊಲಿಗೆ ಅಂಗಡಿ, ಮೇಲೆ ಅವಳು. ಹಾಗಾಗಿ ಬೀದಿಯವರಿಗೆಲ್ಲ ಅವಳು ಮೇಲಿನಮ್ಮ.

ಮೊದಲ ತಿಂಗಳು ಪಾಪ, ಪಡಬಾರದ ಪಾಡು ಪಟ್ಟಳು. ನಲ್ಲಿಯಲ್ಲಿ ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುತ್ತದೆ ಎನ್ನುವುದು ತಿಳಿಯದೆ, ತಲೆತುಂಬ ಸೋಪು ಹಚ್ಚಿಕೊಂಡು, ಟವೆಲ್ಲು ಸುತ್ತಿಕೊಂಡು ಮೆಟ್ಟಿಲ ತುದಿಯಲ್ಲಿ ನಿಂತು ಕೂಗಿದ್ದಳು. ನಾನು ಎರಡು ಬಿಂದಿಗೆ ಹೊತ್ತುಕೊಂಡು ಓಡಿದೆ.

"ತಮಗೆ ಬಹಳ ತೊಂದರೆ ಕೊಟ್ಟೆನು. ದಯವಿಟ್ಟು ಕ್ಷಮಿಸಿರಿ" ಎಂದಳು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವಳು. ಕಣ್ಣಿಗೆ ಸೋಪು ಇಳಿಯುತ್ತಿದ್ದರೂ ವ್ಯಾಕರಣ ಬಿಡಲಿಲ್ಲ.

"ಕ್ಷಮೆಗಿಮೆ ಆಮೇಲೆ ಕೇಳಿ, ಮೊದ್ಲು ತಲೆ ತೊಳ್ಕೊಳ್ಳಿ!" ಎಂದು ಗದರಿದೆ.

ಆಮೇಲೆ ಒಗ್ಗಿಕೊಂಡಳು. ಬೆಳಿಗ್ಗೆ ಐದೂವರೆಗೇ ನಲ್ಲಿಯ ಕೆಳಗೆ ಬಕೆಟ್ ಇಡುವುದನ್ನು ಕಲಿತಳು. ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವುದನ್ನು ಕಲಿತಳು. ಚೌಕಾಶಿ ಮಾತ್ರ ಕಲಿಯಲಿಲ್ಲ, ತರಕಾರಿಯವಳು ಹೇಳಿದ್ದೇ ವೇದವಾಕ್ಯ. ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ನೋಡಲು ಯಾರೂ ಬಾರದ ರೋಗಿಗಳ ಪಕ್ಕ ಕೂತು, ಉಗುರು ಕತ್ತರಿಸಿಕೊಟ್ಟು ಬರುತ್ತಿದ್ದಳು. ಮಧ್ಯಾಹ್ನ ಒಬ್ಬಳೇ ಉಣ್ಣುತ್ತಿದ್ದಳು. ನನ್ನ ಹೊಲಿಗೆ ಯಂತ್ರ ನಿಂತಾಗ ಅವಳ ತಟ್ಟೆಗೆ ಚಮಚ ತಾಗುವ ಸದ್ದು ಕೇಳಿಸುತ್ತಿತ್ತು.

ನಾಲ್ಕು ಗಂಟೆಯಾಯಿತೆಂದರೆ ಬಾಗಿಲು ಹಾರುಹೊಡೆದು, ಆರು ಮಡಿಸುವ ಕುರ್ಚಿಗಳನ್ನು ಬಿಡಿಸಿ, ಒರೆಸಿ, ಸಾಲಾಗಿ ಹಾಕುತ್ತಿದ್ದಳು. ಮೇಜಿನ ಮೇಲೆ ನೀರಿನ ಜಗ್ಗು, ಬೋರಲು ಹಾಕಿದ ಆರು ಲೋಟ. ತಾನು ಎದುರಿಗೆ ಸ್ಟೂಲಿನ ಮೇಲೆ ಕೂರುವಳು. ಆರು ಗಂಟೆಗೆ ಎದ್ದು ಒಂದೊಂದೇ ಕುರ್ಚಿ ಮಡಿಸಿ ಗೋಡೆಗೆ ಒರಗಿಸುವಳು.

ಇದೆಲ್ಲ ಏನೆಂದು ನನಗೆ ಗೊತ್ತಾಗಿದ್ದು ವರ್ಷದ ಕೊನೆಗೆ. ನಿಮಗೆ ಈಗಲೇ ಹೇಳುತ್ತೇನೆ. ಯಾರನ್ನೂ ಕರೆಯಕೂಡದು, ಯಾರಿಗೂ ಒತ್ತಾಯ ಮಾಡಕೂಡದು, ಬಾಗಿಲು ತೆರೆದಿಟ್ಟು ಕಾಯಬೇಕು, ತಾವಾಗಿ ಬಂದವರ ಜೊತೆ ಕೂತು ಮಾತಾಡಬೇಕು ಎಂದು ಅವಳನ್ನು ಇಲ್ಲಿಗೆ ಕಳಿಸಿದ ಕ್ರೈಸ್ತ ಸಭೆಯ ಕಟ್ಟಪ್ಪಣೆಯಂತೆ. ವರ್ಷದಲ್ಲಿ ಒಬ್ಬರಾದರೂ ಬಾರದಿದ್ದರೆ ಅವಳನ್ನು ವಾಪಸ್ ಕರೆಸಿಕೊಳ್ಳುತ್ತಾರೆ. ಅಲ್ಲಿ ಅವಳಿಗೆ ಯಾರಿದ್ದರು? ತಾಯಿ ಹೋಗಿದ್ದಳು, ಮನೆ ತಮ್ಮನ ಪಾಲಾಗಿತ್ತು, ಇದ್ದ ಟೀಚರ್ ಕೆಲಸವನ್ನೂ ಬಿಟ್ಟು ಬಂದಿದ್ದಳು.

ನಮ್ಮ ಬೀದಿಯಲ್ಲಿ ಸುಮ್ಮಸುಮ್ಮನೆ ಯಾರೂ ಕುರ್ಚಿ ಹಾಕುವುದಿಲ್ಲ. ಬಂದವರು ಮೆಟ್ಟಿಲ ಮೇಲೋ ಮಂಚದ ಅಂಚಿನಲ್ಲೋ ಕೂತು ಹೋಗುತ್ತಾರೆ. ಕುರ್ಚಿ ಸಾಲಾಗಿ ಬಿತ್ತೆಂದರೆ ಹೊಸ ಬೀಗರೋ ದೊಡ್ಡ ಅಧಿಕಾರಿಯೋ ಬರುತ್ತಿದ್ದಾರೆ ಎಂದರ್ಥ. ಆ ಹೊತ್ತಿನಲ್ಲಿ ಆ ಮನೆಗೆ ನುಗ್ಗುವುದು ಮರ್ಯಾದಸ್ಥರ ಲಕ್ಷಣವಲ್ಲ. ಮೆಟ್ಟಿಲು ಶುರುವಾಗುವುದು ನನ್ನ ಅಂಗಡಿಯ ಬಾಗಿಲಲ್ಲೇ. ಮೊದಲು ಬಂದವಳು ಇಸ್ತ್ರಿ ಅಂಗಡಿಯವಳು.

"ಮೇಲಿನಮ್ಮ ಇದಾರಾ? ಸ್ವಲ್ಪ ಮಾತಾಡ್ಬೇಕಿತ್ತು."

"ಇದಾರೆ, ಆದ್ರೆ ಈಗ ಹೋಗ್ಬೇಡಮ್ಮ. ಯಾರೋ ದೊಡ್ಡೋರು ಬರೋರಿದಾರೆ. ಆರು ಕುರ್ಚಿ ಹಾಕಿದಾರೆ."

"ಅಯ್ಯೋ, ಹೌದಾ? ಹಾಗಾದ್ರೆ ನಾಳೆ ಬರ್ತೀನಿ."

ನಾಳೆಯೂ ಕುರ್ಚಿ ಬಿದ್ದಿತ್ತು. ನಾನು ಕಾವಲು ನಾಯಿಯ ಹಾಗೆ ಕೂತಿದ್ದೆ. ನನಗೆ ಸಿಟ್ಟು ಬರುತ್ತಿದ್ದದ್ದು ಬಾರದ ಆ ದೊಡ್ಡವರ ಮೇಲೆ. ಎಂಥ ಜನವಪ್ಪ ಇವರು, ದಿನಾ ಬರುತ್ತೇವೆಂದು ಹೇಳಿ ಈ ಬಡಪಾಯಿಗೆ ಕೈಕೊಡುತ್ತಾರಲ್ಲ ಎಂದು ಕತ್ತರಿ ಹಿಡಿದುಕೊಂಡೇ ಬೈಯುತ್ತಿದ್ದೆ. ಒಂದು ದಿನ ನೀರು ಹಿಡಿಯುವಾಗ ಕೇಳಿಯೂ ಕೇಳಿದೆ.

"ನಿನ್ನೆನೂ ಯಾರೂ ಬರ್ಲಿಲ್ವಾ?"

"ಇಲ್ಲ. ಬರುವರು. ನಾನು ಕಾಯುವೆನು" ಎಂದಳು. ಮುಖ ಇಷ್ಟು ಸಣ್ಣದಾಗಿತ್ತು. ಬಕೆಟ್ ತುಂಬಿ ಹರಿಯುತ್ತಿದ್ದರೂ ನೋಡದೆ ನಿಂತಿದ್ದಳು.

ವರ್ಷ ತುಂಬುವ ವಾರದಲ್ಲಿ ಅವರ ಸಭೆಯ ಹಿರಿಯರೊಬ್ಬರು ಬಂದರು. ಅವರಿಗೂ ನಮ್ಮ ಮಾತು ಬರುತ್ತಿತ್ತು. ಅಬ್ಬ, ಅಂತೂ ಒಬ್ಬರು ಬಂದರಲ್ಲ ಎಂದು ನಾನು ಖುಷಿಪಟ್ಟೆ. ಅರ್ಧ ಗಂಟೆಯಲ್ಲಿ ಅವರು ಇಳಿದು ಬಂದರು, ಹಿಂದೆಯೇ ಮೇಲಿನಮ್ಮ. ಹಿರಿಯರು ನನ್ನ ಅಂಗಡಿಯ ಮುಂದೆ ನಿಂತು ಕೇಳಿದರು.

"ಒಬ್ಬರೂ ಬರಲಿಲ್ಲವಂತೆ. ಈ ಬೀದಿಯವರಿಗೆ ಈಕೆ ಇಷ್ಟವಿಲ್ಲವೇ?"

"ಯಾರು ಹೇಳಿದ್ದು? ಎಷ್ಟೊಂದ್ಸಲ ಬಂದಿದ್ರು! ನಿಮ್ಮಂಥ ದೊಡ್ಡೋರು ಬರೋ ಹೊತ್ತಲ್ಲಿ ಅಡ್ಡಿ ಆಗ್ಬಾರ್ದು ಅಂತ ನಾನೇ ಎಲ್ರನ್ನೂ ಇಲ್ಲಿಂದ್ಲೇ ವಾಪಸ್ ಕಳಿಸ್ದೆ. ಒಬ್ರನ್ನಾದ್ರೂ ಮೇಲೆ ಬಿಟ್ಟಿದ್ದೀನಾ, ಮೇಲಿನಮ್ಮನ್ನೇ ಕೇಳಿ!"

ಎದೆಯುಬ್ಬಿಸಿಕೊಂಡು ಹೇಳಿದೆ. ಥೂ ನನ್ನ ಬಾಯಿಗಿಷ್ಟು! ಮೇಲಿನಮ್ಮ ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ಕುರ್ಚಿಗಳು ಯಾರಿಗೆ ಎಂದು ಹಿರಿಯರು ಮೆಲ್ಲಗೆ ಬಿಡಿಸಿ ಹೇಳಿದರು. ಅವಳು ಇಲ್ಲಿರುವ ಪರವಾನಗಿ ಶುಕ್ರವಾರ ಮುಗಿಯುತ್ತಿತ್ತು. ಮುಂದುವರಿಸಲು ಅರ್ಜಿ ಕೊಡುವ ದಿನ ಕಳೆದೇ ಹೋಗಿತ್ತು, ಯಾರೂ ಬರಲಿಲ್ಲವೆಂದು ಅವರು ಅರ್ಜಿ ಹಾಕಿರಲಿಲ್ಲ. ಅವರು ತಲೆ ತಗ್ಗಿಸಿಕೊಂಡು ಹೊರಟುಹೋದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಯಾರು ಯಾರು ಬಂದಿದ್ದರು, ಹೇಳಿ" ಎಂದಳು.

"ಇಸ್ತ್ರಿಯವಳು, ಮೂರು ಸಲ. ಮಗಳು ಗಂಡನ ಮನೆಯಿಂದ ಕಾಗದ ಬರೆದಿದ್ಲು, ಓದಿಸ್ಬೇಕಿತ್ತು."

"ಆಮೇಲೆ?"

"ಆಮೇಲೆ ಬೇರೆ ಯಾರ ಹತ್ರಾನೋ ಓದಿಸ್ಕೊಂಡ್ಲು."

"ಮತ್ತೆ?"

"ರಿಟೈರಾದ ಪೋಸ್ಟ್‌ಮ್ಯಾನ್ ಬರ್ತಿದ್ರು. ಏನೂ ಕೆಲಸ ಇರ್ಲಿಲ್ಲ ಅವರಿಗೆ. ಹೆಂಡ್ತಿ ಹೋದ್ಮೇಲೆ ಮನೇಲಿ ಹೊತ್ತು ಹೋಗಲ್ಲ, ಸ್ವಲ್ಪ ಕೂತಿದ್ದು ಹೋಗ್ತೀನಿ ಅಂತಿದ್ರು."

"ನನಗೂ ಹೊತ್ತು ಹೋಗುತ್ತಿರಲಿಲ್ಲ" ಎಂದು ಕಣ್ಣೊರೆಸಿಕೊಂಡಳು. "ಮತ್ತೆ?"

ತರಕಾರಿಯವಳು ಬಂದದ್ದು ಹೇಳಿದೆ, ಅವಳ ಅತ್ತೆ ಬಂದದ್ದು ಹೇಳಿದೆ. ಮೇಲಿನಮ್ಮ ಮತ್ತೆ, ಮತ್ತೆ ಎಂದು ಕೇಳುತ್ತಲೇ ಇದ್ದಳು.

"ಇನ್ನೊಬ್ಳು ನಾನು" ಎಂದೆ. "ಸಂಜೆ ಹೊತ್ತು ಒಬ್ಳೇ ಕೂತು ಕೂತು ತಲೆ ಕೆಟ್ಟು ಹೋಗ್ತಿತ್ತು. ಎಷ್ಟೋ ದಿನ ಯಂತ್ರ ನಿಲ್ಸಿ, ಮೇಲೆ ಬರೋಣ ಅಂತ ಒಂದು ಕಾಲು ಮೆಟ್ಟಿಲ ಮೇಲಿಟ್ಟು ವಾಪಸ್ ಹೋಗಿದ್ದೀನಿ. ಆ ದೊಡ್ಡೋರ ಕುರ್ಚಿ ಮೇಲೆ ಕೂರೋಕೆ ನಾನ್ಯಾರು ಅಂತ."

ಅವಳು ನನ್ನನ್ನು ನೋಡಿ, ತಿರುಗಿ ಮೆಟ್ಟಿಲನ್ನು ನೋಡಿದಳು.

"ಇರುವುದು ಹನ್ನೆರಡೇ ಮೆಟ್ಟಿಲಲ್ಲವೇ?" ಎಂದಳು.

ಶುಕ್ರವಾರ ಬೆಳಿಗ್ಗೆ ನೀರು ಬರುವ ಮೊದಲೇ ಅವಳು ಹೊರಟುಹೋದಳು.