ಗೋಡೆಯೊಳಗೆ ಮರ ಹುಡುಕುವ ಅಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳಿಗೆ ನಡಿಗೆ ಕಲಿಸುವ ಕೋಣೆ. ಹೆಂಗಸೊಬ್ಬರು ಗೋಡೆಯೊಳಗಿನ ಮರ, ತಂತಿ ಪತ್ತೆ ಹಚ್ಚುವ ಅಂಗೈಯಗಲದ ಡಿಟೆಕ್ಟರ್ ಒಂದನ್ನು ಗೋಡೆಗೆ ಒತ್ತಿ, ಬಟ್ಟೆಗೆ ಇಸ್ತ್ರಿ ಮಾಡುವ ಹಾಗೆ ನಿಧಾನವಾಗಿ ಸರಿಸುತ್ತಿದ್ದಾರೆ. ಅದು ಕೀಂ ಎಂದಲ್ಲಿ ಪೆನ್ಸಿಲ್ ಗೆರೆ ಬೀಳುತ್ತದೆ. ಕಟ್ಟಡ ಕೆಲಸದವರ ಬಾಯಲ್ಲಿ ಇವರು ‘ಗೋಡೆ ಅಕ್ಕ’. ಗೋಡೆಗೂ ಕಿವಿ ಇದೆ ಎಂದು ನಾವೆಲ್ಲ ಹೇಳುತ್ತೇವೆ, ಅದರ ಹೊಟ್ಟೆಯಲ್ಲಿ ಏನಿದೆ ಎಂದು ಕೇಳಬೇಕಾದರೆ ಇವರನ್ನೇ ಕೇಳಬೇಕು.

ಇದು ಇಟ್ಟಿಗೆ ಗೋಡೆಯಲ್ಲ. ಒಳಗೆ ಅಲ್ಲಲ್ಲಿ ಮರದ ಕಂಬ ನಿಲ್ಲಿಸಿ, ಮೇಲೆ ತೆಳು ಹಲಗೆ ಹೊದಿಸಿ ಬಣ್ಣ ಬಳಿದದ್ದು. ಸ್ಕ್ರೂ ಕಂಬಕ್ಕೆ ಕೂರಬೇಕು, ಬರೀ ಹಲಗೆಗೆ ಬಿಗಿದರೆ ನೀರಿನಲ್ಲಿ ಹೋಮ ಮಾಡಿದಂತೆ. ಕಳೆದ ತಿಂಗಳು ಆದದ್ದೂ ಅದೇ. ರೋಗಿಗಳು ಹಿಡಿದು ನಡೆಯಲೆಂದು ಯಾರೋ ಅಂದಾಜಿನ ಮೇಲೆ ಕೂರಿಸಿದ್ದ ಕಬ್ಬಿಣದ ಕಂಬಿ ಕಿತ್ತು ಬಂದು, ಲಕ್ವ ಹೊಡೆದ ಮೇಲೆ ಹೊಸದಾಗಿ ಹೆಜ್ಜೆ ಇಡುತ್ತಿದ್ದ ಟೈಲರ್ ಅಜ್ಜಿ ಕುಸಿದು ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಜಂಘಾಬಲವೇ ಉಡುಗಿಹೋಗಿ, ಅಂದಿನಿಂದ ಗಾಲಿಕುರ್ಚಿ ಬಿಟ್ಟು ಎದ್ದಿಲ್ಲ. ಇವತ್ತು ಇನ್ನೊಂದು ಸಲ ನೋಡುತ್ತೇನೆ ಎಂದು ಒಪ್ಪಿದ್ದಾರೆ.

ಅಕ್ಕ ಮೊದಲು ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದವರು. ಕಪಾಟು ಕೂರಿಸುವಾಗ ಡ್ರಿಲ್ ಗೋಡೆಯೊಳಗಿನ ಕರೆಂಟ್ ತಂತಿಗೆ ತಾಗಿ ಗಂಡನ ಬಲಗೈ ಸುಟ್ಟಿತು. ಆ ಬೆರಳುಗಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅದಾದ ಮೇಲೆ ಅಕ್ಕ ಬ್ರಶ್ ಕೆಳಗಿಟ್ಟು ಈ ಕೆಲಸ ಕಲಿತರು. ಗಂಡನ ತಮ್ಮ ಬಡಗಿ, ಇವರ ಜೊತೆಗಾರ. ಅವನು ಮುಂಜಾಗ್ರತೆಗೆಂದು ಮೇನ್ ಸ್ವಿಚ್ ಆರಿಸಲು ಹೊರಟರೆ ತಡೆಯುತ್ತಾರೆ.

“ಇರೋ, ಕರೆಂಟ್ ಇದ್ರೇನೇ ಇದಕ್ಕೆ ತಂತಿ ಗೊತ್ತಾಗೋದು. ಕೊರೆಯೋವಾಗ ತೆಗೆಯೋಣ.”

ಆತುರಗಾರ ಮೈದುನ ಡಿಟೆಕ್ಟರ್ ಕಿತ್ತುಕೊಂಡು ಗೋಡೆಯ ಮೇಲೆ ಒಂದು ಕಡೆ ಇಟ್ಟು ಗುಂಡಿ ಒತ್ತುತ್ತಾನೆ. ಅದು ಗಪ್‌ಚಿಪ್. “ಇಲ್ಲೇನೂ ಇಲ್ಲ ಅತ್ತಿಗೆ, ಬರೀ ಟೊಳ್ಳು.”

“ಕಂಬದ ಮೇಲೇ ಇಟ್ಟು ಶುರು ಮಾಡಿದ್ಯಲ್ಲ ಮಾರಾಯ. ಮೊದಲು ಟೊಳ್ಳು ಜಾಗ ತೋರಿಸ್ಬೇಕು ಅದಕ್ಕೆ. ಆಮೇಲೆ ಗಟ್ಟಿ ಬಂದಾಗ ಕೂಗುತ್ತೆ. ನೀನು ಕಂಬಾನೇ ಟೊಳ್ಳು ಅಂತ ಹೇಳ್ಕೊಟ್ರೆ ಅದೇನ್ ಮಾಡುತ್ತೆ ಪಾಪ?”

ಒಂದು ಮೊಳ ಪಕ್ಕಕ್ಕೆ ಸರಿಸಿ ಮತ್ತೆ ಶುರು ಮಾಡುತ್ತಾರೆ. ಅದೇ ಜಾಗದಲ್ಲಿ ಕೀಂ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನೋಡಿ ಕಂಬದ ಎರಡೂ ಅಂಚು ಗುರುತಿಸಿ, ನಟ್ಟನಡುವೆ ಚುಕ್ಕೆ ಇಡುತ್ತಾರೆ. ಉಳಿದ ಕಂಬಗಳನ್ನೂ ಹೀಗೇ ಗುರುತಿಸಿ, ಕರೆಂಟ್ ತೆಗೆದು ಕೊರೆದ ಮೇಲೆ ಕಂಬಿ ಕೂರುತ್ತದೆ. ಮೈದುನ ತನ್ನ ದಢೂತಿ ದೇಹವನ್ನೆಲ್ಲ ಅದಕ್ಕೆ ನೇತುಹಾಕಿ ನೋಡುತ್ತಾನೆ. ಅದು ಮಿಸುಕುವುದಿಲ್ಲ.

ಅಜ್ಜಿ ಬರುತ್ತಾರೆ. ಕಂಬಿಯನ್ನು ಮುಟ್ಟುವುದಿಲ್ಲ. “ಕಿತ್ತು ಬರಲ್ಲ ತಾನೆ?”

“ಇಲ್ಲಮ್ಮ. ಒಳಗೆ ಮರ ಇದೆ, ನಾನೇ ನೋಡಿದೀನಿ.”

ಅಜ್ಜಿ ಅಕ್ಕನ ಮುಖವನ್ನು ತುಸು ಹೊತ್ತು ದಿಟ್ಟಿಸುತ್ತಾರೆ. ಆಮೇಲೆ ಕಂಬಿ ಹಿಡಿದು ಏಳುತ್ತಾರೆ. ಒಂದು ಹೆಜ್ಜೆ, ಇನ್ನೊಂದು, ಕೊನೆಗೆ ಕಿಟಕಿಯವರೆಗೂ.

ಸಾಮಾನು ಕಟ್ಟುತ್ತಿದ್ದ ಅಕ್ಕನ ಮುಖ ಅರಳಿದೆ. “ನೋಡಿದ್ರಾ? ಅಜ್ಜಿ ಆಮೇಲೆ ಒಂದ್ಸಲಾನೂ ಗೋಡೆ ಕಡೆ ನೋಡ್ಲಿಲ್ಲ. ಬರೀ ಕಾಲು ನೋಡ್ಕೊಂಡು ನಡೆದ್ರು. ನಂಗೆ ಅಷ್ಟು ಸಾಕು.”