ಸೀಬೆಯಿಂದ ಲಾವಂಚದವರೆಗೆ: ಚೆನ್ನೈನಲ್ಲಿ ಮೂರು ದಿನ

ಮೈಸೂರಿನ ರೈಲು ಬೆಳಿಗ್ಗೆ ಏಳಕ್ಕೆ ಚೆನ್ನೈ ಸೆಂಟ್ರಲ್ ತಲುಪಿತು. ಸುಮಾರು ಐನೂರು ಕಿಲೋಮೀಟರ್ ದಾರಿ, ಸ್ಲೀಪರ್ ಟಿಕೆಟ್ಟಿಗೆ ಮುನ್ನೂರು ಚಿಲ್ಲರೆ ರೂಪಾಯಿ. ಇಳಿಯುವ ಮೊದಲೇ ಬಾಗಿಲಲ್ಲಿ ನಿಂತು ಊರನ್ನು ಮೂಸಿದೆ. ಉಪ್ಪುಗಾಳಿ, ಡೀಸೆಲ್, ಇಡ್ಲಿಯ ಆವಿ, ನಿನ್ನೆಯ ಮಲ್ಲಿಗೆ, ನಾಲ್ಕೂ ಬೇರೆಬೇರೆಯಾಗಿ ಸಿಕ್ಕವು. ಇದು ಜಂಭವಲ್ಲ, ಕಸುಬು. ಇಪ್ಪತ್ತಾರು ವರ್ಷ ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಸುಗಂಧ ಬೆರೆಸಿದವಳು ನಾನು. ಕಡ್ಡಿ ಹಚ್ಚಿ ಹತ್ತು ನಿಮಿಷದಲ್ಲಿ ಪಾಸೋ ನಪಾಸೋ ಹೇಳುತ್ತಿದ್ದೆ, ಹೇಳಿದ ಮೇಲೆ ಮಾಲೀಕರೂ ಎದುರಾಡುತ್ತಿರಲಿಲ್ಲ.

ಈ ಸಲದ ಪ್ರಯಾಣವೂ ಒಂದು ಪಾಸು ನಪಾಸಿಗಾಗಿಯೇ. ವಡಪಳನಿಯಲ್ಲಿ ನನ್ನ ತಮ್ಮ ಮಹೇಶ ಮೂವತ್ತು ವರ್ಷದಿಂದ ಮೇಕಪ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಸಿನಿಮಾ ಸ್ಟುಡಿಯೋದವರಿಗೆ ಬಣ್ಣ, ಗೋಂದು, ವಿಗ್ಗು ಮಾರುತ್ತಾನೆ. ಅವನ ಮಗಳು ಅಂಬಿಕಾ ರಸಾಯನಶಾಸ್ತ್ರ ಓದಿ, ಬಂದ ಕೆಲಸ ಬಿಟ್ಟು, ಒಂದು ವರ್ಷದಿಂದ ಅಡುಗೆಮನೆಯ ಮೂಲೆಯಲ್ಲಿ ಅತ್ತರು ಕಟ್ಟುತ್ತಿದ್ದಳು. ಮಹೇಶ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ: “ಅಕ್ಕ, ನಿನ್ನ ಮೂಗು ಹೂಂ ಅಂದ್ರೆ ಅಂಗಡಿ ಮೇಲಿನ ರೂಮು ಅವಳಿಗೆ. ಊಹೂಂ ಅಂದ್ರೆ ಎಲ್ಲಾ ಚೆಲ್ಲಿ, ಸೋಪಿನ ಫ್ಯಾಕ್ಟರಿ ಕೆಲಸಕ್ಕೆ ಹೋಗ್ಲಿ.”

ಸೆಂಟ್ರಲ್‌ನಿಂದ ವಡಪಳನಿಗೆ ಮೆಟ್ರೋದಲ್ಲಿ ಅರ್ಧ ಗಂಟೆ. ಮನೆಗೆ ಹೋದವಳು ಮೊದಲು ಸ್ನಾನ ಮುಗಿಸಿದೆ. ನಮ್ಮದು ಲಿಂಗ ಕಟ್ಟಿದ ಮನೆತನ. ಪೂಜೆ ಮಾಡಿ, ಹಣೆಗೆ, ತೋಳಿಗೆ, ಮಣಿಕಟ್ಟಿಗೆ ವಿಭೂತಿ ಹಚ್ಚಿಕೊಂಡು ಬಂದಾಗ ಅಂಬಿಕಾ ಸೀಸೆ ಹಿಡಿದು ನಿಂತಿದ್ದಳು.

“ಸೀಬೆಹಣ್ಣು, ಸಂಪಿಗೆ, ಲಾವಂಚ. ಮೊದಲು ಕೊಯ್ಯಾಪ್ಪಳಂ, ಸೀಬೆ ಬರತ್ತೆ ಅತ್ತೆ. ಅರ್ಧ ಗಂಟೆ ಆದ್ಮೇಲೆ ಮೆದುವಾ ಸಂಪಿಗೆ ಓಪನ್ ಆಗತ್ತೆ. ಸಾಯಂಕಾಲ ಲಾವಂಚ ನಿಲ್ಲತ್ತೆ. ಪೂರ್ತಿ ದಿನ ಬೇಕು, ಕೊಂಚಂ ಪೊರುಮೆಯಾ ಇರಿ.” ಚೆನ್ನೈನಲ್ಲಿ ಹುಟ್ಟಿದ ಹುಡುಗಿ, ತಾಳ್ಮೆಯನ್ನೂ ತಮಿಳಿನಲ್ಲೇ ಕೇಳಿದಳು.

“ನನಗೆ ಹತ್ತು ನಿಮಿಷ ಸಾಕು, ಹಾಕವ್ವ” ಎಂದು ಬಲಗೈ ಚಾಚಿದೆ. ಮಣಿಕಟ್ಟಿಗೆ ಒಂದು ಸಲ ಸಿಂಪಡಿಸಿದಳು. ಅಲ್ಲಿಗೆ ನಿಲ್ಲಿಸದೆ ನನ್ನ ತುರುಬಿನ ಕೆಳಗೆ, ಕುತ್ತಿಗೆಗೂ ಇನ್ನೊಂದು ಸಲ. ತಾನು ಮಾತ್ರ ಹಾಕಿಕೊಳ್ಳಲಿಲ್ಲ. “ನಿಮ್ಮ ಮೂಗಿಗೆ ಕನ್‌ಫ್ಯೂಸ್ ಆಗಬಾರದು” ಎಂದಳು.

ಮೊದಲ ಉಸಿರಿಗೆ ಸೀಬೆ ಚೆನ್ನಾಗಿಯೇ ಬಂತು. ಹಣ್ಣನ್ನು ಬಟ್ಟಿ ಇಳಿಸಿದರೆ ಅದರ ಪರಿಮಳ ಸಿಗುವುದಿಲ್ಲ, ಬೇರೆಬೇರೆ ದ್ರವ್ಯ ಸೇರಿಸಿ ಕಟ್ಟಬೇಕು. ಆ ಕೆಲಸ ಹುಡುಗಿಗೆ ಬಂದಿತ್ತು. ಆದರೆ ಮುರುಗನ ಗುಡಿಯ ಬೀದಿ ದಾಟುವಷ್ಟರಲ್ಲಿ ಸೀಬೆ ಮಾಯ. ಅರ್ಧ ಗಂಟೆಗೆ ಬರಬೇಕಾದ ಸಂಪಿಗೆ ಮುಖ ತೋರಿಸಿ ಒಳಗೆ ಹೋಯಿತು. ಹನ್ನೊಂದಕ್ಕೆ ಮೂಸಿದರೆ ಮಣಿಕಟ್ಟಿನಲ್ಲಿ ಒದ್ದೆ ಗೋಡೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಮಧ್ಯಾಹ್ನ ಗುಡಿಯ ಹತ್ತಿರದ ಉಡುಪಿ ಹೋಟೆಲಿನಲ್ಲಿ ಬಾಳೆಎಲೆ ಊಟ, ನೂರಾ ಐವತ್ತು ರೂಪಾಯಿ. ಹೊರಗೆ ಮಾರ್ಚಿನ ಬಿಸಿಲು ಕಾವಲಿಯಂತೆ ಕಾದಿತ್ತು. ಊಟ ಮುಗಿಸಿ ಕಾಫಿ ಹೇಳಿ, ಲೋಟ ಬಂದ ಮೇಲೆ ತೀರ್ಪು ಕೊಟ್ಟೆ.

“ನಪಾಸು. ಹಣ್ಣು ಹತ್ತು ನಿಮಿಷ ನಿಲ್ಲಲಿಲ್ಲ, ಹೂವು ಅರಳಲೇ ಇಲ್ಲ. ಕೈ ಚೆನ್ನಾಗಿದೆ ಅಂಬಿಕಾ, ಸರಕು ನಿಲ್ತಿಲ್ಲ.”

ಅವಳು ಜಗಳ ಆಡಲಿಲ್ಲ. ತನ್ನ ಲೋಟವನ್ನು ದವರಾ ಬಟ್ಟಲೊಳಗೆ ತಿರುಗಿಸುತ್ತಾ ಕುಳಿತಳು. ಬಡಿಸುವವನು ಕುಂದಾಪುರದ ಕಡೆಯವನು, ಹತ್ತಿರ ಬಂದು “ಕಾಫಿ ತಣ್ದೋಯ್ತಲ್ಲ ಅಮ್ಮ, ಬೇರೆ ತಕಂಡ್ ಬತ್ತೆ” ಎಂದ. ಬೇಡವೆಂದು ತಲೆಯಾಡಿಸಿದಳು. ಆಮೇಲೆ ಅಪ್ಪನಿಗೆ ಫೋನ್ ಮಾಡಿ “ಫೆಯಿಲ್ ಪಾ” ಎಂದಷ್ಟೇ ಹೇಳಿ ಇಟ್ಟಳು. ಪಾಪ ಅನಿಸಿತು, ನಿಜ. ಆದರೆ ಮುಲಾಜಿಗೆ ಬಿದ್ದು ಸುಳ್ಳು ಪಾಸು ಕೊಡುವ ಅಭ್ಯಾಸ ನನಗಿಲ್ಲ.

ಬೆಸೆಂಟ್ ನಗರದ ಒಂದು ಸಣ್ಣ ಅಂಗಡಿಯಲ್ಲಿ ಅವಳ ಸೀಸೆಗಳನ್ನು ಮಾದರಿಗೆಂದು ಇಟ್ಟಿದ್ದರು. ಅವನ್ನು ವಾಪಸು ತರಲು ನಾಲ್ಕರ ಹೊತ್ತಿಗೆ ಸಿಟಿ ಬಸ್ಸು ಹತ್ತಿದೆವು. ಹನ್ನೆರಡು ಕಿಲೋಮೀಟರ್ ಇದ್ದೀತು, ಹೆಂಗಸರಿಗೆ ಟಿಕೆಟ್ಟಿಲ್ಲ. ಕೂರಲು ಜಾಗ ಸಿಕ್ಕಿದ್ದೇ ಪುಣ್ಯ. ಬೆವರು ಬೆನ್ನಿನಲ್ಲಿ ಹರಿಯುತ್ತಿತ್ತು.

ಅಡ್ಯಾರು ಸೇತುವೆ ದಾಟುವಾಗ ಹಿಂದಿನ ಸೀಟಿನ ಹೆಂಗಸು ನನ್ನ ಭುಜ ತಟ್ಟಿದಳು. ಮಡಿಲಲ್ಲಿ ಖಾಲಿ ಹೂಬುಟ್ಟಿ, ಮಾರಾಟ ಮುಗಿಸಿ ಹೊರಟವಳು. “ಶೆಣ್ಬಗಪ್ಪೂ ಎಂಗ ವಾಂಗುನೀಂಗಮ್ಮಾ?”

ಅಂಬಿಕಾ ತಿರುಗಿ ನೋಡಿದಳು. “ಸಂಪಿಗೆ ಹೂವು ಎಲ್ಲಿ ತಗೊಂಡ್ರಿ ಅಂತ ಕೇಳ್ತಿದಾಳೆ. ಈ ವಾರ ಮಾರ್ಕೆಟ್ಟಲ್ಲಿ ಎಲ್ಲೂ ಸಿಗಲಿಲ್ವಂತೆ.”

ನನ್ನ ತಲೆಯಲ್ಲಿ ಹೂವೇ ಇರಲಿಲ್ಲ. ಹೆಂಗಸು ನಂಬದೆ ನನ್ನ ತುರುಬಿನ ಹತ್ತಿರಕ್ಕೆ ಬಗ್ಗಿ ಮತ್ತೊಮ್ಮೆ ಮೂಸಿ, ಇದೆ ಇದೆ ಎಂದು ಗಟ್ಟಿಯಾಗಿ ತಲೆಯಾಡಿಸಿದಳು. ನಾನು ಕುತ್ತಿಗೆಯ ಹಿಂದೆ ಬೆರಳು ಒತ್ತಿ ಮೂಗಿಗೆ ಹಿಡಿದೆ. ಸಂಪಿಗೆ! ಬಿಸಿಲೇರುವ ಮುಂಚೆ ಮರದ ಕೆಳಗೆ ನಿಂತರೆ ಹೇಗೋ ಹಾಗೆ. ಅದರ ಅಡಿಯಲ್ಲಿ ಸೀಬೆಯ ಸಿಹಿ ಇನ್ನೂ ತೆಳ್ಳಗೆ ಉಳಿದಿತ್ತು. ಎಂಟು ಗಂಟೆ ಕಳೆದಿತ್ತು, ಈ ಊರಿನ ಬೆವರಿನಲ್ಲಿ.

ಮಣಿಕಟ್ಟು ನೋಡಿಕೊಂಡೆ. ವಿಭೂತಿಯ ಮೂರು ಗೆರೆ ಬೆವರಿಗೆ ಕಲಸಿ ಬೆಳ್ಳಗೆ ಹರಡಿತ್ತು. ಕುತ್ತಿಗೆಗೆ ವಿಭೂತಿ ಹಚ್ಚಿರಲಿಲ್ಲ.

ಕಾರ್ಖಾನೆಯಲ್ಲಿ ಹೊಸಬರು ಬಂದಾಗಲೆಲ್ಲ ನಾನು ಹೇಳುತ್ತಿದ್ದ ಮೊದಲ ಪಾಠ ಇದೇ: ಇದ್ದಲು ಪುಡಿ, ಬೂದಿ ಅತ್ತರನ್ನು ಕುಡಿಯುತ್ತವೆ, ಅವುಗಳ ಹತ್ತಿರ ಸೀಸೆ ತೆರೆಯಬೇಡಿ. ಒಬ್ಬ ಹೆಂಗಸಿಗೆ ಬೈದು ಕಣ್ಣಲ್ಲಿ ನೀರು ತರಿಸಿದ್ದೂ ಉಂಟು. ದೀಪದ ಬುಡದಲ್ಲೇ ಕತ್ತಲೆ. ಪರಿಮಳವನ್ನು ಊದುಬತ್ತಿಯ ಹೊಗೆಯಲ್ಲಿ ಮಾತ್ರ ಮೂಸಿದವಳಿಗೆ ತನ್ನ ಚರ್ಮವೂ ಒಂದು ಪಾತ್ರೆ, ಅದನ್ನೂ ತೊಳೆದಿಡಬೇಕು ಎಂಬುದು ಹೊಳೆಯಲೇ ಇಲ್ಲ.

“ಅಂಗಡಿಗೆ ಬೇಡ, ಬೀಚಿಗೆ ನಡಿ” ಎಂದೆ. ಮರಳಿನ ಮೇಲೆ ಕುಳಿತು ಕೈ ತೋರಿಸಿ ಎಲ್ಲವನ್ನೂ ಹೇಳಿದೆ. ಕಡಲೆಯ ಸುಂಡಲ್ ಮಾರುವವನು ಬಂದು ಹೋದ. ಅಂಬಿಕಾ ಸಮುದ್ರವನ್ನೇ ನೋಡುತ್ತಿದ್ದಳು.

“ನೀವು ಅರ್ಧ ದಿನದಲ್ಲಿ ಮುಗಿಸಿಬಿಟ್ರಿ ಅತ್ತೆ. ನಂದು ಒಂದು ವರ್ಷ.” ಅವಳು ನನ್ನ ಕಡೆ ತಿರುಗಿದಳು. “ಆ ಪೂಕ್ಕಾರಮ್ಮ ಬಸ್ಸಲ್ಲಿ ಹಿಂದೆ ಕೂತಿಲ್ಲದೇ ಇದ್ದಿದ್ರೆ?”

ತಪ್ಪಾಯಿತು ಎಂದೆ. ಆ ಮಾತು ಹೇಳಿ ಎಷ್ಟು ವರ್ಷವಾಗಿತ್ತೋ, ನಾಲಗೆ ಹುಡುಕಾಡಿತು. ನನಗೆ ಮರುದಿನ ಬೆಳಿಗ್ಗೆಯ ರೈಲಿಗೆ ಟಿಕೆಟ್ ಇತ್ತು. ಅಲ್ಲೇ ಕುಳಿತು ಅವಳ ಫೋನಿನಿಂದಲೇ ರದ್ದು ಮಾಡಿಸಿದೆ.

ಎರಡನೆಯ ದಿನ ಪೂಜೆ ಮುಗಿಸಿ ವಿಭೂತಿಗೆ ಬೆರಳು ಅದ್ದಿದೆ. ಹಣೆಗೆ ಹಚ್ಚಿದೆ, ತೋಳಿಗೆ ಹಚ್ಚಿದೆ. ಮಣಿಕಟ್ಟಿಗೆ ಬಂದು ನಿಂತೆ. ಲಿಂಗದೀಕ್ಷೆಯಾದ ದಿನದಿಂದ ಒಂದು ದಿನವೂ ತಪ್ಪಿಸಿದವಳಲ್ಲ. ಶಿವನಿಗೆ ಮೈಯೆಲ್ಲ ಬೂದಿ, ನನ್ನ ಎರಡು ಗೆಣ್ಣಿನಷ್ಟು ಜಾಗಕ್ಕೆ ಅವನು ಮುನಿಸಿಕೊಳ್ಳಲಾರ ಎಂದು ಧೈರ್ಯ ಮಾಡಿ ಖಾಲಿ ಬಿಟ್ಟೆ. ಅಂಬಿಕಾ ಅಲ್ಲಿಗೇ ಸಿಂಪಡಿಸಿದಳು.

ಆ ದಿನ ಊರು ಸುತ್ತಲಿಲ್ಲ. ತಮ್ಮನ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಎಂಟೂವರೆಗೆ ಸೀಬೆ, ಅರೆಹಣ್ಣಿನ ಹುಳಿ ಸಹಿತ. ಒಂಬತ್ತರ ಹೊತ್ತಿಗೆ ಸೀಬೆಯೊಳಗಿಂದಲೇ ಸಂಪಿಗೆ ಎದ್ದಿತು. ಒಂದು ಹೋಗಿ ಇನ್ನೊಂದು ಬರುವುದಲ್ಲ, ಒಂದರ ಕೈ ಹಿಡಿದು ಇನ್ನೊಂದು ಬರುವುದು. ಮಧ್ಯಾಹ್ನದ ಸೆಕೆಗೆ ಹೂವು ಸ್ವಲ್ಪ ಅತಿಯಾಯಿತು. ಅದನ್ನು ಹೇಳಿದೆ, ಅವಳು ಬರೆದುಕೊಂಡಳು. ಐದಕ್ಕೆ ಲಾವಂಚ, ಮಡಕೆಯ ನೀರಿನಂತೆ ತಂಪು. ಹತ್ತು ನಿಮಿಷಕ್ಕೆ ತೀರ್ಪು ಕೊಡುತ್ತಿದ್ದ ನಾನು ಹತ್ತು ಗಂಟೆ ನನ್ನ ಕೈಯನ್ನೇ ಓದಿದೆ. ಬೇಸರ ಬರಲಿಲ್ಲ.

ಮಹೇಶ ಎರಡು ಸಲ “ಏನಕ್ಕ?” ಎಂದು ಕೇಳಿದ. ಎರಡು ಸಲವೂ ನಾಳೆ ಎಂದೆ.

ಮೂರನೆಯ ದಿನ ಮಧ್ಯಾಹ್ನದ ರೈಲು. ಅಪ್ಪ ಮಗಳು ಇಬ್ಬರೂ ಸೆಂಟ್ರಲ್‌ಗೆ ಬಂದರು. ಚೀಲ ಸೀಟಿನ ಮೇಲಿಟ್ಟು ನಾನು ಕೆಳಗಿಳಿದೆ.

“ಈಗಲಾದ್ರೂ ಹೇಳಕ್ಕ. ಪಾಸೋ ನಪಾಸೋ?”

“ನೀನು ಇದನ್ನ ಎಷ್ಟು ಸಲ ಮೂಸಿದೀಯ?”

ಅವನು ಮಗಳ ಮುಖ ನೋಡಿದ, ಆಮೇಲೆ ಹಳಿಯ ಕಡೆಗೆ ನೋಡಿದ. “ನಂಗೇನು ತಿಳೀತದೆ ಅಂತ... ನಿನ್ನ ಮೂಗಿದೆಯಲ್ಲ.”

“ಒಂದು ವರ್ಷ ಒಂದೇ ಮನೇಲಿ. ಒಂದು ಸಲಾನೂ ಇಲ್ವೇನೋ?”

ಅಂಬಿಕಾ ಬೇರೆ ಕಡೆ ತಿರುಗಿ ನಿಂತಳು. ಅವಳನ್ನು ನನ್ನ ನಪಾಸಿಗಿಂತ ಹೆಚ್ಚು ನೋಯಿಸಿದ್ದು ಯಾವುದೆಂದು ನನಗೆ ಆಗ ತಿಳಿಯಿತು. ನನ್ನ ತಪ್ಪಿಗೆ ಬೂದಿಯ ನೆಪವಾದರೂ ಇತ್ತು.

“ಕೈ ಕೊಡು” ಎಂದೆ. ಅವನ ಮಣಿಕಟ್ಟಿನಲ್ಲೂ ಬೆಳಗಿನ ಮೂರು ಗೆರೆ ಇದ್ದವು. ಬಾಟಲಿಯ ನೀರಿನಿಂದ ಸೆರಗಿನ ತುದಿ ಒದ್ದೆ ಮಾಡಿ, ಚಿಕ್ಕಂದಿನಲ್ಲಿ ಅವನ ಮೂತಿ ಒರೆಸುತ್ತಿದ್ದ ಹಾಗೆ ಒರೆಸಿದೆ. “ಏನಕ್ಕ ಇದು, ಜನ ನೋಡ್ತಾರೆ” ಎಂದರೂ ಕೈ ಎಳೆದುಕೊಳ್ಳಲಿಲ್ಲ. ಚೆನ್ನಾಗಿ ಒಣಗಿದ ಮೇಲೆ ಅಂಬಿಕಾಗೆ ಸನ್ನೆ ಮಾಡಿದೆ.

ಅವಳು ಸೀಸೆ ತೆಗೆದು ಒಂದು ಸಲ ಒತ್ತಿದಳು. “ಉಜ್ಜಬಾರದು ಪಾ. ಸಾಯಂಕಾಲದವರೆಗೆ ಕಾಯಬೇಕು.”

“ಕಾಯ್ತೀನಿ” ಎಂದ ಮಹೇಶ.

“ನನ್ನದು ಪಾಸು” ಎಂದೆ. “ಆದರೆ ನನ್ನ ಮೂಗಿನ ಮೇಲೆ ರೂಮು ಕೊಡಬೇಡ. ನಿನ್ನ ಮೂಗಿದೆಯಲ್ಲ.”

ಸಿಳ್ಳು ಬಿತ್ತು, ಹತ್ತಿ ಕಿಟಕಿಯ ಬಳಿ ಕುಳಿತೆ. ರೈಲು ಅಲುಗಿದಾಗ ತಿರುಗಿ ನೋಡಿದೆ. ಅಂಬಿಕಾ ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಮಹೇಶನೂ ಕೈ ಬೀಸಿದ, ಎಡಗೈ ಮಾತ್ರ. ಬಲಗೈ ಅವನ ಮೂಗಿನಿಂದ ಇಳಿಯಲಿಲ್ಲ.