ಹಾಲಿನ ಕ್ಯಾನಿನ ಪೆಟ್ರೋಲು

ಹುಲ್ಲು ಕತ್ತರಿಸುವ ಯಂತ್ರದವರು ಇವತ್ತು ಬೆಳಿಗ್ಗೆ ಅಂಗಳದ ಮೂಲೆಯಲ್ಲಿ ಕೂತು ಅದಕ್ಕೆ ಪೆಟ್ರೋಲು ಹಾಕಿದರು. ವಾಸನೆ ಅಡುಗೆಮನೆಯವರೆಗೆ ಬಂತು. ನಾನು ಒಲೆಯ ಮೇಲಿನ ಗಂಜಿಯನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋಗಿ ನಿಂತೆ. "ಅಜ್ಜಿಗೆ ಪೆಟ್ರೋಲಂದ್ರೆ ಆಗುದಿಲ್ಲ" ಎಂದು ನೀವಿಬ್ಬರೂ ನಕ್ಕಿರಿ. ನಗಿ ಮಕ್ಕಳೇ. ಕಾರಣವನ್ನು ಬಾಯಲ್ಲಿ ಹೇಳಲು ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಏಳನೆಯ ತರಗತಿಯವರೆಗೆ ಕಲಿತವಳ ಅಕ್ಷರ, ಹೇಗಾದರೂ ಓದಿಕೊಳ್ಳಿ.

ನಿಮ್ಮ ಅಜ್ಜನ ಹತ್ತಿರ ಒಂದು ಹಳೆಯ ಬಿಳಿ ಕಾರಿತ್ತು. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ನಿಂತಾಗಲೆಲ್ಲ ಅಜ್ಜ ಬಾನೆಟ್ಟಿನೊಳಗೆ ತಲೆ ಹಾಕುವವರು, ನಾನು ಟಾರ್ಚ್ ಹಿಡಿಯುವವಳು. "ಒಮ್ಮೆಗೇ ನಿಂತ್ರೆ ಕರೆಂಟಿನ ತೊಂದರೆ, ಕೆಮ್ಮಿ ಕೆಮ್ಮಿ ನಿಂತ್ರೆ ಪೆಟ್ರೋಲಿಂದು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು. ಕೇಳಿ ಕೇಳಿ ನನಗೂ ಅಷ್ಟಿಷ್ಟು ಗೊತ್ತಾಗಿತ್ತು. ಹಾಗೆಂದು ಜನರೆದುರು ತೋರಿಸಿಕೊಂಡವಳಲ್ಲ. ಮಧೂರಿನ ದಾರಿಯಲ್ಲಿ ಒಮ್ಮೆ ಕಾರು ನಿಂತು ನಾಲ್ಕು ಜನ ತಳ್ಳಲು ಬಂದಾಗ, ಸೆರಗನ್ನು ಮುಖಕ್ಕೆಳೆದುಕೊಂಡು ನಿದ್ದೆ ಬಂದವಳಂತೆ ಒಳಗೇ ಕೂತಿದ್ದೆ. ನಾನು ಇಳಿದಿದ್ದರೆ ಅವರಿಗೆ ತಳ್ಳಲು ಸ್ವಲ್ಪ ಹಗುರವಾದರೂ ಆಗುತ್ತಿತ್ತು.

ನೀವು ಹುಟ್ಟುವ ಮೊದಲಿನ ಮಾತು. ನಿಮ್ಮ ಅಪ್ಪ ಮದುವೆಯಾಗಿ ಆರು ತಿಂಗಳಿಗೆ ಗಲ್ಫಿಗೆ ಮರಳಿದ್ದ. ಮಾರನೆಯ ದಿನ ಹರತಾಳ, ಬಂಕುಗಳು ಮುಚ್ಚುತ್ತವೆ ಎಂದು ಅಜ್ಜ ಸಂಜೆಯೇ ಒಂದು ಕ್ಯಾನ್ ಪೆಟ್ರೋಲು ತಂದು ಜಗಲಿಯಲ್ಲಿಟ್ಟಿದ್ದರು. ಕ್ಯಾನಿನ ಬುಡ ಸೋರುತ್ತಿತ್ತು. ಅವರನ್ನು ಕರೆಯದೆ ನಾನೇ ಬೇರೆ ಕ್ಯಾನಿಗೆ ಸುರಿದೆ. ಕುಂಬ್ಡಾಜೆಯ ನಮ್ಮಂಥ ಮನೆಗಳಲ್ಲಿ ಬೇರೆ ಕ್ಯಾನ್ ಎಂದರೆ ರಬ್ಬರ್ ಮರದ ಹಾಲು ತರುವ ಕ್ಯಾನ್. ತೊಳೆದು ಕವುಚಿ ಹಾಕಿದ್ದೇ ಹೌದು. ಆದರೆ ಎಷ್ಟು ತೊಳೆದರೂ ಒಳಗೆ ಒಣಗಿದ ಹಾಲು ತೆಳ್ಳಗೆ ಪೊರೆಯಂತೆ ಅಂಟಿಕೊಂಡಿರುತ್ತದೆ. ಪೆಟ್ರೋಲು ತಾಗಿದರೆ ಆ ಪೊರೆ ಉಬ್ಬಿ ಗೋಂದಿನ ಹಾಗಾಗುತ್ತದೆ. ಹಿಂದೆ ಸೈಕಲ್ ಟ್ಯೂಬಿಗೆ ತೇಪೆ ಹಚ್ಚುವ ಅಂಟನ್ನು ನಾವೇ ಹಾಗೆ ಮಾಡಿಕೊಳ್ಳುತ್ತಿದ್ದೆವು. ಗೊತ್ತಿದ್ದ ಸಂಗತಿ, ಆ ಸಂಜೆ ಹೊಳೆಯಲಿಲ್ಲ.

ಬೆಳಿಗ್ಗೆ ರಬ್ಬರ್ ಶೀಟು ತೆಗೆಯಲು ಹೋದ ಅಜ್ಜನ ಪಾದಕ್ಕೆ ಕನ್ನಡಿ ಹಾವು, ಅಂದರೆ ಕೊಳಕುಮಂಡಲ, ಕಚ್ಚಿತು. ಫೋನು ಮಾಡಿದರೆ ಆಂಬುಲೆನ್ಸು ಬೇರೆ ಕಡೆಗೆ ಹೋಗಿತ್ತು. "ಕಾದ್ರೆ ತಡ ಆಗ್ತದೆ, ನೀವೇ ಹೊರಡಿ. ಅವರು ಮಾತ್ರ ಅಲುಗಾಡಬಾರದು. ನಡೆದಷ್ಟೂ ವಿಷ ಏರ್ತದೆ" ಎಂದರು ಆಸ್ಪತ್ರೆಯವರು. ಕ್ಯಾನಿನ ಪೆಟ್ರೋಲನ್ನೆಲ್ಲ ಟ್ಯಾಂಕಿಗೆ ಸುರಿದವಳು ನಾನೇ. ಅಜ್ಜನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ನಿಮ್ಮ ಅಮ್ಮ ಕಾರು ಬಿಡಲು ಕುಳಿತಳು. ಅವಳು ಕಲಿತು ಎರಡೇ ತಿಂಗಳಾಗಿತ್ತು.

ಎರಡನೆಯ ಏರಿನಲ್ಲಿ ಕಾರು ಕೆಮ್ಮಿತು. ಜಗ್ಗಿ ಜಗ್ಗಿ ನಿಂತಿತು. ಸ್ವಲ್ಪ ಬಿಟ್ಟು ಸ್ಟಾರ್ಟ್ ಆಯಿತು, ಹತ್ತು ಮಾರು ಹೋಗಿ ಮತ್ತೆ ನಿಂತಿತು. ರಸ್ತೆಯಲ್ಲಿ ಒಂದು ವಾಹನವಿಲ್ಲ, ಫೋನಿಗೆ ರೇಂಜಿಲ್ಲ.

"ಪೆಟ್ರೋಲು ಬರ್ತಾ ಇಲ್ಲ" ಎಂದರು ಅಜ್ಜ. ಪಾದ ಅಷ್ಟರಲ್ಲೇ ಊದಿ ಹೊಳೆಯುತ್ತಿತ್ತು. "ಏ ಇವಳೇ, ಟ್ಯಾಂಕಿನ ಮುಚ್ಚಳ ತೆಗಿ. ಗಾಳಿ ಎಳೆದ ಶಬ್ದ ಉಂಟಾ?"

"ಇಲ್ಲ."

"ಹಾಗಾದ್ರೆ ಬಿಸಿಗೆ ಪೈಪಲ್ಲಿ ಆವಿ ಕಟ್ಟಿರ್ಬಹುದು. ಪಂಪಿಗೆ ಚಂಡಿ ಬಟ್ಟೆ ಹಾಕು."

ಬಟ್ಟೆ ಒದ್ದೆ ಮಾಡಿ ಹಾಕಿದೆ. ಕಾದೆವು. ಕಾರು ಏಳಲಿಲ್ಲ. ಕಾರ್ಬುರೇಟರಿಗೆ ಹೋಗುವ ಪೈಪು ಕಳಚಲು ಹೇಳಿದರು. ಸ್ಕ್ರೂ ತಿರುಗಿಸುವಷ್ಟರಲ್ಲಿ ನನ್ನ ಬೆರಳು ತರಚಿತು. ನಿಮ್ಮ ಅಮ್ಮ ಕೀ ತಿರುಗಿಸಿದಾಗ ಪೈಪಿನ ಬಾಯಿಂದ ಚಿಮ್ಮಬೇಕಾದ ಪೆಟ್ರೋಲು ನಾಲ್ಕು ಹನಿ ತೊಟ್ಟಿಕ್ಕಿತು. ನನ್ನ ಬೆರಳಿಗೆ ತಾಗಿದ ಹನಿ ಅಂಟಂಟಾಗಿತ್ತು. ಮೂಸಿದೆ. ಮೊದಲ ಕೆಮ್ಮಿಗೇ ಎದ್ದಿದ್ದ ಸಂಶಯ ಈಗ ಖಾತ್ರಿಯಾಯಿತು. ಆದರೂ ನಾಲಿಗೆ ಏಳಲಿಲ್ಲ. ಸೊಸೆಯ ಎದುರು ಬೈಸಿಕೊಳ್ಳಬೇಕಲ್ಲ ಎಂಬ ಹೆದರಿಕೆ, ಆ ಹೊತ್ತಿನಲ್ಲೂ! ಒಟ್ಟು ಇಪ್ಪತ್ತೈದು ನಿಮಿಷ ನಾನು ಬಾಯಿ ಬಿಡಲಿಲ್ಲ.

"ಪಂಪ್ ಹೋಯ್ತು. ಅದು ನಿನ್ನಿಂದಾಗ್ಲಿಕ್ಕಿಲ್ಲ, ನಾನೇ ಬಿಚ್ತೇನೆ" ಎಂದು ಅಜ್ಜ ಬಾಗಿಲು ತೆರೆದು ಕಾಲು ಹೊರಗಿಟ್ಟರು.

"ಮಾವಾ, ಇಳೀಬೇಡಿ!" ನಿಮ್ಮ ಅಮ್ಮ ಕಿರುಚಿದಳು.

"ಪಂಪಲ್ಲ" ಎಂದೆ ನಾನು. "ಪೆಟ್ರೋಲನ್ನು ಹಾಲಿನ ಕ್ಯಾನಿಗೆ ಹಾಕಿದ್ದೆ. ರಬ್ಬರ್ ಕರಗಿ ಪೈಪು ಕಟ್ಟಿದ್ದು."

ಅವರು ನನ್ನನ್ನೇ ನೋಡಿದರು. ಕಾಲು ಒಳಗೆಳೆದುಕೊಂಡರು. "ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ್ತಿ" ಎಂದರು, ಅಷ್ಟೇ. "ಟ್ಯಾಂಕಿನದ್ದು ಇನ್ನು ಬೇಡ. ಎಲ್ಲಿಂದಾದ್ರೂ ಒಳ್ಳೆ ಪೆಟ್ರೋಲು ಬೇಕು."

ಅಷ್ಟರಲ್ಲಿ ಮೀನಿನ ಪೆಟ್ಟಿಗೆ ಕಟ್ಟಿದ ಬೈಕೊಂದು ಏರು ಹತ್ತಿ ಬಂತು. ನಮ್ಮ ಕಡೆಗೆ ಮೀನು ತರುವ ಅಬೂಬಕ್ಕರ್. "ಎಂತ ಅಕ್ಕಾ, ಹರತಾಳದ ದಿವಸ ಕಾರಿಗೂ ಹರತಾಳವಾ?" ಎಂದು ನಗುತ್ತಾ ನಿಲ್ಲಿಸಿದವನು ಒಳಗೆ ಅಜ್ಜನ ಊದಿದ ಕಾಲನ್ನು ಕಂಡು ಬೈಕಿನಿಂದ ಇಳಿದ. ಟ್ಯಾಂಕಿನ ಪೆಟ್ರೋಲು ಹಾಳಾಗಿದೆ ಎಂದೆ, ಮತ್ತೆ ಅವನಿಗೆ ಏನೂ ಹೇಳಬೇಕಾಗಲಿಲ್ಲ. ಕುಡಿಯುವ ನೀರಿನ ದೊಡ್ಡ ಬಾಟಲಿಯನ್ನು ಬರಿದು ಮಾಡಿ ಒರೆಸಿ, ಬೈಕಿನ ಪೈಪು ಕಿತ್ತು ಅದಕ್ಕೆ ಪೆಟ್ರೋಲು ಹಿಡಿದ. ನಾನು ಕಳಚಿದ್ದ ಪೈಪನ್ನು ಮತ್ತೆ ಕೂಡಿಸಿ, ಡಿಕ್ಕಿಯಲ್ಲಿದ್ದ ಪ್ಲಾಸ್ಟಿಕ್ ಪೈಪಿನ ಒಂದು ತುದಿಯನ್ನು ಪಂಪಿಗೆ ಸಿಕ್ಕಿಸಿ, ಇನ್ನೊಂದನ್ನು ಬಾನೆಟ್ಟಿನ ಸಂದಿಯಿಂದ ಹೊರತಂದು ಬಾಟಲಿಗೆ ಇಳಿಸಿದ. "ಅಕ್ಕಾ, ನೀವು ಎದುರು ಸೀಟಲ್ಲಿ ಕೂತು ಇದನ್ನು ಕಿಟಕಿಯ ಹೊರಗೆ ಹಿಡೀಬೇಕು. ಬೀಳಿಸ್ಬೇಡಿ."

ಕಾಸರಗೋಡಿನ ಆಸ್ಪತ್ರೆಯವರೆಗೆ ಹಿಡಿದೆ. ಅವನು ಬೈಕಿನಲ್ಲಿ ಮುಂದೆ ಮುಂದೆ ಹೋಗಿ, ರಸ್ತೆ ತಡೆದವರಿಗೆ ಮಲಯಾಳದಲ್ಲಿ ಕೂಗಿ ಹೇಳಿ ದಾರಿ ಬಿಡಿಸಿದ. ಒಂದೊಂದು ಪೇಟೆಯಲ್ಲೂ ಜನ ಕಣ್ಣರಳಿಸಿ ನೋಡಿದರು. ಸೆರಗು ಸರಿಮಾಡಿಕೊಳ್ಳಲು ನನಗೆ ಕೈ ಬಿಡುವಿರಲಿಲ್ಲ. ಹಿಂದಿನಿಂದ ಅಜ್ಜನ ದನಿ ಕೇಳದಾದಾಗ ಮಾತ್ರ "ಕೇಳ್ತದಾ?" ಎನ್ನುತ್ತಿದ್ದೆ. ಅವರು "ಹೂಂ" ಎನ್ನುವವರೆಗೆ ಉಸಿರಾಡುತ್ತಿರಲಿಲ್ಲ.

ಅಜ್ಜ ಬದುಕಿದರು. ಒಂದು ಕಾಲ್ಬೆರಳು ಹೋಯಿತು. ನೀವು ಚಿಕ್ಕಂದಿನಲ್ಲಿ ಎಣಿಸಿ ಎಣಿಸಿ ನಗುತ್ತಿದ್ದ ನಾಲ್ಕು ಬೆರಳಿನ ಪಾದ ಅದು. ಇಷ್ಟು ತಡ ಯಾಕೆಂದು ಡಾಕ್ಟರು ಕೇಳಿದಾಗ ನಾನು ನೆಲ ನೋಡುತ್ತಿದ್ದೆ. "ಕಾರಿನ ಪಂಪ್ ಹೋಯ್ತು ಡಾಕ್ಟ್ರೇ" ಎಂದರು ಅಜ್ಜ. ನೋಡಲು ಬಂದ ನೆಂಟರಿಗೂ ಅದನ್ನೇ ಹೇಳಿದರು. ಮನೆಗೆ ಬಂದ ಮೇಲೆ ಟ್ಯಾಂಕು, ಪೈಪು ಎಲ್ಲ ತೊಳೆಸಿದರು. ಅದರೊಟ್ಟಿಗೆ ಸರಿಯಾಗಿದ್ದ ಪಂಪನ್ನು ಬಿಚ್ಚಿಸಿ, ಎಲ್ಲರ ಕಣ್ಣೆದುರು ಹೊಸ ಪಂಪು ಹಾಕಿಸಿದರು. ನನ್ನೊಡನೆ ಆ ವಿಷಯ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ಹೋಗಿ ಈಗ ಎರಡು ವರ್ಷ.

ಇಷ್ಟು ಬರೆದು ನಿಮ್ಮ ಅಮ್ಮನಿಗೆ ತೋರಿಸಿದೆ. ಅವಳು ನಿಂತೇ ಓದಿದಳು. ಆಮೇಲೆ ಕುಳಿತು ಇನ್ನೊಮ್ಮೆ ಓದಿದಳು.

"ಮಕ್ಕಳಿಗೆ ಕೊಡ್ತೀರಾ ಅತ್ತೆ?"

"ಕೊಡ್ತೇನೆ."

ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಹತ್ತು ನಿಮಿಷ ಅಂತ ಬರ್ದಿದ್ದೀರಿ. ಹತ್ತಲ್ಲ ಅತ್ತೆ. ನಾನು ವಾಚ್ ನೋಡ್ತಾ ಇದ್ದೆ. ಇಪ್ಪತ್ತೈದು."

ನಾನು ಪೆನ್ನು ಕೇಳಿ ಹತ್ತನ್ನು ಹೊಡೆದುಹಾಕಿ, ಇಪ್ಪತ್ತೈದು ಎಂದು ಬರೆದೆ.